ಹಿಮ್ಮುಖವಾಗಿ ಬೆಟ್ಟ ಹತ್ತುವ ಯೊರುನ್

ಸ್ಕಾರ್ಲಿಯ ಜನಕ್ಕೆ ಯೊರುನ್‌ಳ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ. ಚರ್ಚಿನಲ್ಲಿ ಆರ್ಗನ್ ನುಡಿಸುವವಳು ಜನರತ್ತ ಬೆನ್ನು ಹಾಕಿಯೇ ಕೂರಬೇಕು. ಪಾದ್ರಿ ಯಾವಾಗ ಎದ್ದರು, ಯಾವಾಗ ಕೂತರು ಎಂಬುದನ್ನೆಲ್ಲ ಆರ್ಗನ್ ಮೇಲೆ ಸಿಕ್ಕಿಸಿದ ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡು ನುಡಿಸಬೇಕು. ಅದು ಕೆಲಸದ ರೀತಿ, ಒಪ್ಪೋಣ. ಆದರೆ ಚಳಿಗಾಲದಲ್ಲಿ ಆಕೆ ಆ ಊರಿಗೆ ಬಂದು ಇಳಿಯುತ್ತಿದ್ದದ್ದೂ ಹಾಗೆಯೇ, ಬೆನ್ನು ಮುಂದೆ ಮಾಡಿಕೊಂಡು.

ತೆಲೆಮಾರ್ಕ್ ಕಣಿವೆಯಿಂದ ಸ್ಕಾರ್ಲಿಗೆ ಹತ್ತುವ ಕೊನೆಯ ಏರು ಮಹಾ ಮೊಂಡು. ಹಿಮ ಬಿದ್ದು, ಅದರ ಮೇಲೆ ನಾಲ್ಕು ಗಾಡಿ ಓಡಾಡಿ ನುಣ್ಣಗಾದ ಮೇಲಂತೂ ಬೆಕ್ಕು ಕೂಡ ಯೋಚನೆ ಮಾಡಿ ಹೆಜ್ಜೆ ಇಡುವ ಜಾಗ. ಯೊರುನ್‌ಳ ಹಳೆಯ ಕೆಂಪು ಕಾರಿಗೆ ಎಳೆಯುವ ಬಲವೆಲ್ಲ ಮುಂದಿನ ಎರಡು ಚಕ್ರಗಳಲ್ಲಿ. ಏರಿನಲ್ಲಿ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರಗಳು ಹಗುರಾಗಿ ನಿಂತಲ್ಲೇ ಗಿರಗಿರ ತಿರುಗುತ್ತವೆ. ಕಾರನ್ನೇ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿದರೆ ಎಳೆಯುವ ಚಕ್ರಗಳು ಕೆಳಗೆ ಬರುತ್ತವೆ, ಭಾರ ಅವುಗಳ ಮೇಲೆ ಕೂರುತ್ತದೆ, ಚಕ್ರ ನೆಲವನ್ನು ಕಚ್ಚುತ್ತದೆ. ಆಕೆಯ ಅಪ್ಪ ಕಲಿಸಿದ ಉಪಾಯ ಅದು. ಕನ್ನಡಿ ನೋಡಿಕೊಂಡೇ ಬದುಕು ಸಾಗಿಸುವವಳಿಗೆ ಅದೇನೂ ಕಷ್ಟವಾಗಲಿಲ್ಲ. ಏರಿನ ಬುಡದಲ್ಲಿ ಕಾರು ತಿರುಗಿಸಿ, ಕುತ್ತಿಗೆ ಹೊರಳಿಸಿ, ಒಂದೇ ಉಸಿರಿಗೆ ಚರ್ಚಿನ ಬಾಗಿಲವರೆಗೂ ಬಂದುಬಿಡುತ್ತಿದ್ದಳು.

ಆ ಊರಿನ ಪ್ರಾರ್ಥನೆಗೆ ಹೊತ್ತು ಗೊತ್ತಿರಲಿಲ್ಲ. ಯೊರುನ್ ಕಣಿವೆಯ ದೊಡ್ಡ ಚರ್ಚಿನಲ್ಲಿ ಬೆಳಗಿನ ಪ್ರಾರ್ಥನೆ ಮುಗಿಸಿ ಹೊರಡುವುದು, ರಸ್ತೆ ಬಿಟ್ಟಷ್ಟು ಬೇಗ ಬರುವುದು. ಹಾಗಾಗಿ ಗಂಟೆ ಬಾರಿಸುವ ಮುದುಕ ತೂರ್ಲೈವ್ ಗೋಪುರದ ಕಿಂಡಿಯಲ್ಲಿ ಕಣ್ಣಿಟ್ಟು ಕೂರುತ್ತಿದ್ದ. ತಿರುವಿನಲ್ಲಿ ಕಾರಿನ ಹಿಂಭಾಗ ಕಂಡೊಡನೆ ಗಂಟೆ ಬಾರಿಸುತ್ತಿದ್ದ. ಗಂಟೆ ಕೇಳಿದ ಮೇಲೆಯೇ ಊರಿನವರು ಬೂಟು ಹಾಕಿಕೊಳ್ಳುತ್ತಿದ್ದದ್ದು. ತಣ್ಣಗಿನ ಚರ್ಚಿನಲ್ಲಿ ಸುಮ್ಮನೆ ಹಲ್ಲು ಕಟಕಟಿಸುತ್ತ ಯಾರು ಕೂರುತ್ತಾರೆ?

ಈ ಏರ್ಪಾಡು ಕಳೆದ ಚಳಿಗಾಲದಲ್ಲಿ ಕೆಟ್ಟಿತು. ಕೆಂಪು ಕಾರಿಗೆ ವಯಸ್ಸಾಗಿತ್ತು, ಹಿಮವೂ ವಿಪರೀತವಾಗಿತ್ತು, ಹಲವು ಭಾನುವಾರ ಯೊರುನ್ ಏರಿನ ಬುಡದಿಂದಲೇ ವಾಪಸಾದಳು. ಈ ಶರತ್ಕಾಲದಲ್ಲಿ ತಪಾಸಣೆಗೆ ಹೋದ ಕಾರು ಮತ್ತೆ ರಸ್ತೆಗೆ ಇಳಿಯಲಿಲ್ಲ, ತಳವೆಲ್ಲ ತುಕ್ಕು ತಿಂದಿತ್ತು. ಚರ್ಚಿನ ಆಡಳಿತ ಸಭೆಯವರು ಕೂತು ಮಾತಾಡಿದರು. ಅಧ್ಯಕ್ಷ ಹೆರ್ಬ್ರಾಂಡ್ ಕೆಟ್ಟವನಲ್ಲ, ಆದರೆ ಸೌದೆಯ ಲೆಕ್ಕದಿಂದ ಹಿಡಿದು ದೇವರ ಲೆಕ್ಕದವರೆಗೆ ಎಲ್ಲವೂ ಸರಿಹೊಂದಬೇಕೆನ್ನುವ ಮನುಷ್ಯ. ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ತಿಂಗಳ ಮೊದಲ ಭಾನುವಾರ ತಾನೇ ಬಂದು ನೋಡುತ್ತೇನೆ, ಆರ್ಗನ್ ನುಡಿಸುವವಳೂ ಜನರೂ ಚರ್ಚಿಗೆ ತಲುಪಿದರೆ ಸರಿ, ಇಲ್ಲದಿದ್ದರೆ ಸ್ಕಾರ್ಲಿಯ ಚರ್ಚಿಗೆ ಈಸ್ಟರ್‌ವರೆಗೂ ಬೀಗ ಎಂದುಬಿಟ್ಟ.

ಸ್ಕಾರ್ಲಿ ಚರ್ಚಿನ ಹಾಡುಗಾರರಲ್ಲಿ ಎಲ್ಲರಿಗಿಂತ ಹಿರಿಯಳಾದ ಮಾರ್ಗಿಟ್ ಸುದ್ದಿ ಕೇಳಿ ಯೊರುನ್‌ಗೆ ಫೋನು ಮಾಡಿದಳು.

“ನಾನು ಕೆಳಗೆ ಬಂದು ಆ ದೊಡ್ಡ ಚರ್ಚಲ್ಲಿ ಹಾಡೋಳಲ್ಲ ಕಣೇ. ಅಲ್ಲಿ ನನ್ನ ದನಿ ನನಗೇ ಕೇಳಲ್ಲ. ನೀನು ಹೇಗಾದ್ರೂ ಮಾಡಿ ಹತ್ತಿ ಬಾ.”

“ಬರ್ತೀನಿ ಮಾರ್ಗಿಟ್,” ಎಂದಳು ಯೊರುನ್. ಹೇಳಿದ ಮೇಲೆ ಕಾರು ಕೊಳ್ಳಬೇಕಾಯಿತು.

ಕಾರು ಕೊಳ್ಳುವ ಮಾತು ಬಂದದ್ದೇ ತಡ, ಮನೆಯಲ್ಲಿ ಇಬ್ಬರು ಗಂಡಸರು ತೋಳೇರಿಸಿದರು. ಒಬ್ಬ ಗಂಡ ಆರ್ನ್‌ಫಿನ್, ನಿವೃತ್ತ ಭೂಗೋಳದ ಮೇಷ್ಟರು. ಇನ್ನೊಬ್ಬ ತಮ್ಮ ಸ್ವೈನುಂಗ್, ಶಾಲೆಯ ಬಸ್ಸು ಓಡಿಸುವವನು. ಚಿಕ್ಕ ಎಸ್‌ಯುವಿಯೇ ಬೇಕು, ನೆಲದಿಂದ ಸ್ವಲ್ಪ ಎತ್ತರ ಇರಬೇಕು ಎಂಬುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಅಲ್ಲಿಂದ ಮುಂದಕ್ಕೆ ಒಬ್ಬನದು ಉತ್ತರ, ಒಬ್ಬನದು ದಕ್ಷಿಣ. ಆರ್ನ್‌ಫಿನ್‌ನ ದೇವರು ಫೋರ್ ವೀಲ್ ಡ್ರೈವ್. ಸ್ವೈನುಂಗ್‌ನ ದೇವರು ಮೊಳೆ ಟೈರು, ಅಂದರೆ ರಬ್ಬರಿನಲ್ಲಿ ಸಣ್ಣ ಸಣ್ಣ ಲೋಹದ ಮೊಳೆ ಕೂರಿಸಿದ ಚಳಿಗಾಲದ ಟೈರು. ಆ ಟೈರುಗಳನ್ನು ಆತ ಬೇಸಿಗೆಯಿಡೀ ಪಟ್ಟಣದ ಟೈರು ಹೋಟೆಲಿನಲ್ಲಿ ಇಡುತ್ತಿದ್ದ. ಟೈರು ಇಟ್ಟು ಕಾಯುವ ಉಗ್ರಾಣಕ್ಕೆ ಅಲ್ಲಿ ಹಾಗೇ ಹೆಸರು. ಸ್ವೈನುಂಗ್ ಮಾತ್ರ ಜನ್ಮದಲ್ಲಿ ಒಂದು ರಾತ್ರಿಯೂ ಹೋಟೆಲಿನಲ್ಲಿ ತಂಗಿದವನಲ್ಲ.

ಶನಿವಾರದ ವಾಫಲ್ ತಟ್ಟೆಯ ಸುತ್ತ ಯುದ್ಧ ನಡೆಯಿತು.

“ನಾಲ್ಕು ಚಕ್ರಾನೂ ಎಳೀತಾ ಇದ್ರೆ ಟೈರ್ ಯಾವುದಾದ್ರೇನಯ್ಯ?” ಆರ್ನ್‌ಫಿನ್ ಕಂದು ಚೀಸನ್ನು ತೆಳ್ಳಗೆ ಕೊರೆಯುತ್ತ ಕೇಳಿದ. “ಮೊಳೆ ಅಂತೆ ಮೊಳೆ. ರಸ್ತೆಯೆಲ್ಲ ಕೆರ್ಕೊಂಡು, ಧೂಳೆಬ್ಬಿಸ್ಕೊಂಡು. ಕಾರೋ, ಉಳೋ ನೇಗಿಲೋ?”

“ಭಾವ, ನಿಮ್ಮ ನಾಲ್ಕು ಚಕ್ರ ಎಳೆಯೋದೇನೋ ಸರಿ. ನಿಲ್ಲಿಸೋದು ಯಾರು? ನಿಮ್ಮ ಮ್ಯಾಪಲ್ಲಿ ಇಳಿಜಾರು ಬರ್ಕೊಂಡಿಲ್ವಾ?”

“ಮೊದ್ಲು ಹತ್ತಬೇಕಲ್ಲ, ಇಳಿಯೋಕೆ?”

“ಹತ್ತೋದು ಬಿಡಿ, ಜೀವ ಸಮೇತ ಇಳೀಬೇಕಲ್ಲ, ಇನ್ನೊಂದು ವಾರ ಹತ್ತೋಕೆ?”

ಓಡಿಸಬೇಕಾದವಳು ಯೊರುನ್. ಅವಳನ್ನು ಇಬ್ಬರೂ ಒಂದು ಮಾತು ಕೇಳಲಿಲ್ಲ. ಆಕೆ ಕಾಫಿ ಬಗ್ಗಿಸಿದಳು, ವಾಫಲ್ ಸುಟ್ಟಳು, ಮನಸ್ಸಿನಲ್ಲೇ ನಕ್ಕಳು. ಆಮೇಲೆ ಎದ್ದು ಕಾರು ಮಾರುವವನಿಗೆ ತಾನೇ ಫೋನು ಮಾಡಿದಳು.

“ಒಂದು ನಾಲ್ಕು ಚಕ್ರದ್ದು, ಮೊಳೆ ಇಲ್ಲದ ಟೈರಿಂದು. ಒಂದು ಮುಂದಿನ ಎರಡು ಚಕ್ರದ್ದು, ಮೊಳೆ ಟೈರಿಂದು. ಎರಡನ್ನೂ ಒಂದು ದಿನಕ್ಕೆ ಕೊಡ್ತೀರಾ? ನಮ್ಮನೇಲಿ ಒಂದು ಪರೀಕ್ಷೆ ಇದೆ.”

ಪರೀಕ್ಷೆ ನಡೆದದ್ದು ಕಣಿವೆಯಲ್ಲೇ, ಮರ ಕೊಯ್ಯುವ ಗಿರಣಿಯ ಹಿಂದಿನ ಏರಿನಲ್ಲಿ. ಸ್ಕಾರ್ಲಿಯ ಏರಿಗಿಂತ ಗಿಡ್ಡ, ಆದರೆ ಅಷ್ಟೇ ಕಡಿದು. ಬಿಳಿ ಕಾರು, ನೀಲಿ ಕಾರು, ಒಂದೇ ಕಂಪನಿಯವು, ಅವಳಿಜವಳಿ.

ಮೊದಲು ಆರ್ನ್‌ಫಿನ್ ಬಿಳಿಯದನ್ನು ಹತ್ತಿಸಿದ. ಸುಳ್ಳು ಹೇಳಬಾರದು, ಅದು ಬೇಸಿಗೆಯ ರಸ್ತೆಯಲ್ಲಿ ಹೋದ ಹಾಗೆ ಸರಾಗವಾಗಿ ಹತ್ತಿತು. ಮೇಲೆ ನಿಲ್ಲಿಸಿ, ಕಿಟಕಿ ಇಳಿಸಿ, ಕೈ ಬೀಸಿದ. ಕೆಳಗೆ ನಿಂತ ಸ್ವೈನುಂಗ್ ಕೈ ಬೀಸಲಿಲ್ಲ, ತಾಳ್ಮೆಯಿಂದ ಕಾದ. ಆರ್ನ್‌ಫಿನ್ ಇಳಿಯತೊಡಗಿದ, ಅರ್ಧಕ್ಕೆ ಬಂದವನು ಬ್ರೇಕ್ ಒತ್ತಿದ. ಚಕ್ರ ನಿಂತಿತು, ಕಾರು ನಿಲ್ಲಲಿಲ್ಲ. ಅದು ಯಾವ ಅವಸರವೂ ಇಲ್ಲದೆ, ನಿಧಾನಕ್ಕೆ ಅಡ್ಡ ತಿರುಗಿ, ಮೆರವಣಿಗೆ ಹೊರಟ ಹಾಗೆ ಜಾರುತ್ತ ಬಂತು. ಒಳಗೆ ಆರ್ನ್‌ಫಿನ್ ಸ್ಟೇರಿಂಗ್ ಹಿಡಿದು, ನೋಡಿದವರು ನೋಡಲಿ ಎಂಬಂತೆ ಗಂಭೀರವಾಗಿ ಕೂತಿದ್ದ. ಕಾರು ಹಿಮದ ದಿಬ್ಬಕ್ಕೆ ಮೆತ್ತಗೆ ಒರಗಿ ಸುಮ್ಮನಾಯಿತು.

“ಭಾವ, ಇದೂ ಭೂಗೋಳಾನೇನಾ?” ಎಂದು ಸ್ವೈನುಂಗ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವನ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನೀಲಿ ಕಾರು ಕರಕರ ಎಂದು ಮೊಳೆ ಊರುತ್ತ ಅರ್ಧ ಏರು ಹತ್ತಿ, ಅಲ್ಲಿ ಮುಂದಿನ ಚಕ್ರಗಳನ್ನು ತಿರುಗಿಸುತ್ತ ನಿಂತುಬಿಟ್ಟಿತು. ಸ್ವೈನುಂಗ್ ಒತ್ತಿದ, ಬಿಟ್ಟ, ಬೈದ. ಕೊನೆಗೆ ವಾಪಸು ಇಳಿಸಿದ. ಇಳಿಯುವಾಗ ಮಾತ್ರ ಬೇಕೆಂದಲ್ಲಿ ನಿಲ್ಲಿಸುತ್ತ, ಗೆರೆ ಎಳೆದ ಹಾಗೆ ಬಂದ.

“ನೋಡಿದ್ರಾ ಭಾವ, ಹೇಗೆ ಇಳೀತು?” ಎಂದ.

“ಹತ್ತದೇ ಇರೋನು ಇಳಿಯೋದ್ರಲ್ಲಿ ಏನಪ್ಪ ಹೆಚ್ಚುಗಾರಿಕೆ?” ಎಂದ ಆರ್ನ್‌ಫಿನ್, ಕೋಟಿನಿಂದ ಹಿಮ ಕೊಡವುತ್ತ.

ಮತ್ತೆ ಶುರುವಾಯಿತು. ಯೊರುನ್ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ, “ಅಲ್ಲ, ಒಂದು ಹೋಗತ್ತೆ, ಬರಲ್ಲ. ಇನ್ನೊಂದು ಬರತ್ತೆ, ಹೋಗಲ್ಲ,” ಎಂದಳು. “ಇದರ ಕಾಲಿಗೆ ಅದರ ಚಪ್ಪಲಿ ಹಾಕಿದ್ರೆ ಆಗಲ್ವಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಒಬ್ಬನು ಇನ್ನೊಬ್ಬನನ್ನು ಸೋಲಿಸುವುದರಲ್ಲೇ ಮುಳುಗಿದ್ದರಿಂದ, ಎರಡೂ ಒಂದೇ ಕಾರಿನಲ್ಲಿ ಇರಬಹುದೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಹಾಗೆ ಯೊರುನ್ ಮೊಳೆ ಟೈರು ಹಾಕಿದ, ನಾಲ್ಕು ಚಕ್ರವೂ ಎಳೆಯುವ ಬಿಳಿ ಕಾರನ್ನು ಮನೆಗೆ ತಂದಳು. ಆಮೇಲೆ ಆ ಕಾರನ್ನು ಆರಿಸಿದ್ದು ತಾನೇ ಎಂದು ಇಬ್ಬರೂ ಊರೆಲ್ಲ ಹೇಳಿಕೊಂಡು ತಿರುಗಿದರು.

ಅಡ್ವೆಂಟ್‌ನ ಮೊದಲ ಭಾನುವಾರ ಹಿಮ ಹೂವಿನಂತೆ ಉದುರುತ್ತಿತ್ತು. ಕಣಿವೆಯ ಪ್ರಾರ್ಥನೆ ಮುಗಿಸಿ ಯೊರುನ್ ಹೊರಟಾಗ ಪಕ್ಕದ ಸೀಟಿನಲ್ಲಿ ಹೆರ್ಬ್ರಾಂಡ್, ಹಿಂದೆ ನಿಲುವಂಗಿಯನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡ ಎಳೆಯ ಪಾದ್ರಿ. ಏರಿನ ಬುಡದಲ್ಲಿ ಯೊರುನ್‌ಳ ಕೈ ಅಭ್ಯಾಸಬಲದಿಂದ ಸ್ಟೇರಿಂಗನ್ನು ಪೂರ್ತಿ ತಿರುಗಿಸಲು ಹೋಯಿತು. ಆಕೆ ಕೈಯನ್ನು ತಡೆದಳು. ಹೊಸ ಕಾರು ಮೂಗು ಮುಂದಿಟ್ಟುಕೊಂಡೇ, ಒಮ್ಮೆಯೂ ತಡವರಿಸದೆ, ಕರಕರ ಎನ್ನುತ್ತ ಸ್ಕಾರ್ಲಿ ಸೇರಿತು. ಆಕೆಗೆ ಹಿಗ್ಗೋ ಹಿಗ್ಗು. ಕಿಟಕಿಗಳಲ್ಲಿ ಹಚ್ಚಿಟ್ಟ ಅಡ್ವೆಂಟ್ ದೀಪಗಳು ಎಡಗಡೆಯೇ ಕಾಣುತ್ತವೆಂದು ಅವತ್ತೇ ಗೊತ್ತಾಗಿದ್ದು. ಇಷ್ಟು ವರ್ಷ ಅವು ಬಲಗಡೆ ಇದ್ದವು.

“ಚೆನ್ನಾಗಿ ಹತ್ತಿತು,” ಎಂದ ಹೆರ್ಬ್ರಾಂಡ್. ಅವನ ಬಾಯಿಂದ ಅದು ದೊಡ್ಡ ಮಾತು.

ಯೊರುನ್ ಒಳಗೆ ಹೋಗಿ ಪೆಡಲು ತುಳಿಯುವ ತೆಳು ಬೂಟು ಹಾಕಿಕೊಂಡು, ಆರ್ಗನ್ ಮುಂದೆ ಕೂತಳು. ಪಾದ್ರಿ ನಿಲುವಂಗಿ ತೊಟ್ಟರು. ಹೆರ್ಬ್ರಾಂಡ್ ಮೊದಲ ಬೆಂಚಿನಲ್ಲಿ ಕೂತ. ಮೂವರೂ ಕಾದರು.

ಯಾರೂ ಬರಲಿಲ್ಲ.

ಹೆರ್ಬ್ರಾಂಡ್ ಗಡಿಯಾರ ನೋಡಿದ, ಕೈ ಉಜ್ಜಿದ, ಮತ್ತೆ ನೋಡಿದ. ಪಾದ್ರಿ ಮೇಣದ ಬತ್ತಿಯನ್ನು ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ಸರಿಸಿದರು. ಯೊರುನ್‌ಗೆ ಒಂದೇ ಯೋಚನೆ. ಕಳೆದ ವರ್ಷ ಎಷ್ಟೋ ಭಾನುವಾರ ತಾನು ಬರಲಿಲ್ಲ, ಈಗ ಇವರಿಗೂ ಸಾಕಾಗಿರಬೇಕು. ಮಾರ್ಗಿಟ್ ಕೂಡ ಬರಲಿಲ್ಲವಲ್ಲ. ಹತ್ತಿ ಬಾ ಎಂದವಳೇ ಬರಲಿಲ್ಲವಲ್ಲ. ಅವಳಿಗೆ ಅಳು ಬಂತು. ಅಳುವ ಮುಖ ಅಧ್ಯಕ್ಷನಿಗೆ ಕಾಣದ ಹಾಗೆ ಬೆನ್ನು ಹಾಕಿ ಕೂರುವ ಕೆಲಸ ತನ್ನದೆಂದು ಅವತ್ತು ಸಮಾಧಾನಪಟ್ಟಳು.

“ಯೊರುನ್,” ಹೆರ್ಬ್ರಾಂಡ್ ಮೆಲ್ಲಗೆ ಕರೆದ. “ನೀನು ನಿನ್ನ ಕೈಲಾದ್ದು ಮಾಡ್ದೆ. ಕಾರು ಬಂತು, ಜನ ಬರ್ಲಿಲ್ಲ. ನಾನೇನು ಮಾಡ್ಲಿ ಹೇಳು?”

ಆಕೆ ಕಣ್ಣೊರೆಸಿಕೊಂಡು ಅಭ್ಯಾಸದಂತೆ ಕನ್ನಡಿ ನೋಡಿದಳು. ಖಾಲಿ ಬೆಂಚುಗಳು, ಅವುಗಳಾಚೆ ತೆರೆದ ಬಾಗಿಲು, ಬಾಗಿಲಾಚೆ ಅವಳ ಹೊಸ ಕಾರು. ಇಷ್ಟು ವರ್ಷ ಚಳಿಗಾಲದಲ್ಲಿ ಆ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಕೆಂಪು ಕಾರಿನ ಹಿಂದಿನ ದೀಪಗಳು. ಇವತ್ತು ಎರಡು ಬಿಳಿ ಕಣ್ಣು ಅವಳನ್ನೇ ದಿಟ್ಟಿಸುತ್ತಿದ್ದವು.

ಗಂಟೆ. ಗಂಟೆಯೇ ಬಾರಿಸಿಲ್ಲವಲ್ಲ.

“ಕೂತಿರಿ,” ಎಂದು ಎದ್ದಳು. “ನಾನು ಇನ್ನೂ ಬಂದಿಲ್ಲ.”

ಹೆರ್ಬ್ರಾಂಡ್ ಮತ್ತೊಮ್ಮೆ ಗಡಿಯಾರ ನೋಡಿದ.

ಕೆಳಗಿನಿಂದ ಕೂಗಿದರೆ ತೂರ್ಲೈವ್‌ಗೆ ಕೇಳಿಸದು, ಅವನ ಕಿವಿಯನ್ನು ಆ ಗಂಟೆಯೇ ತಿಂದು ಮುಗಿಸಿತ್ತು. ಗೋಪುರದ ಏಣಿಗೆ ಅವಳ ಮಂಡಿ ಒಪ್ಪದು. ಯೊರುನ್ ಆರ್ಗನ್ನಿನ ತೆಳು ಬೂಟಿನಲ್ಲೇ ಹೋಗಿ ಕಾರು ಹತ್ತಿದಳು. ಏರಿನ ಬುಡದವರೆಗೂ ಇಳಿದಳು, ಮೊಳೆಗಳು ಒಮ್ಮೆಯೂ ಕೈಬಿಡಲಿಲ್ಲ. ಅಲ್ಲಿ ಕಾರು ತಿರುಗಿಸಿ, ರಿವರ್ಸ್ ಹಾಕಿ, ಕುತ್ತಿಗೆ ಹೊರಳಿಸಿದಳು. ಹೊಸ ಕಾರಿಗೆ ಈ ಸಂಪ್ರದಾಯ ಗೊತ್ತಿರಲಿಲ್ಲ. ಅದು ಪಕ್ಕದ ಹಿಮದ ಗೋಡೆ ಕಂಡಾಗಲೆಲ್ಲ ಪೀಂ ಪೀಂ ಎಂದು ಬೊಬ್ಬೆ ಹೊಡೆಯಿತು. “ಸುಮ್ನಿರೇ, ನಂಗೊತ್ತು,” ಎಂದು ಗದರಿಸಿಕೊಂಡು ಅವಳು ಹತ್ತಿಸಿದಳು.

ತಿರುವಿನಲ್ಲಿ ಕಾರಿನ ಹಿಂಭಾಗ ಕಂಡಿತೋ ಇಲ್ಲವೋ, ಮೇಲಿನಿಂದ ಗಂಟೆ ಢಣ್ ಎಂದಿತು. ಮತ್ತೆ ಢಣ್, ಮತ್ತೆ ಢಣ್. ಒಂದೊಂದೇ ಮನೆಯ ಬಾಗಿಲು ತೆರೆದವು. ಬೂಟಿನ ದಾರ ಕಟ್ಟಿಕೊಳ್ಳುತ್ತ, ಟೋಪಿ ಎಳೆದುಕೊಳ್ಳುತ್ತ ಸ್ಕಾರ್ಲಿಯ ಜನ ಹೊರಬಂದರು. ಎಲ್ಲರಿಗಿಂತ ಮುಂದೆ, ಬೆನ್ನು ಬಾಗಿದ ಮಾರ್ಗಿಟ್, ಹಿಮದಲ್ಲಿ ಜಾರದಂತೆ ಕಾಲಿಗೆ ಮೊಳೆ ಪಟ್ಟಿ ಕಟ್ಟಿಕೊಂಡು ಕೋಲೂರುತ್ತ ಬಂದಳು.

“ಎಷ್ಟು ಹೊತ್ತೇ ಮಾರಾಯ್ತಿ?” ಎಂದಳು. “ಬೂಟು ಬಾಗಿಲಲ್ಲೇ ಇಟ್ಕೊಂಡು ಕಾಯ್ತಿದೀನಿ. ದನಿ ಹದ ಮಾಡ್ಕೊಂಡು ಮಾಡ್ಕೊಂಡು ಗಂಟ್ಲು ಒಣಗೋಯ್ತು.”

ಗೋಪುರದಿಂದ ಇಳಿದು ಬಂದ ತೂರ್ಲೈವ್ ಕಾರಿನ ಸುತ್ತ ಒಂದು ಸುತ್ತು ಹಾಕಿದ.

“ಮೊದ್ಲೊಂದು ಸಲ ಹೋಯ್ತಲ್ಲ, ಅದೂ ಇದೇನಾ? ಮೂಗು ಮುಂದಿತ್ತು. ರಜೆ ಕಳೆಯೋಕೆ ಬಂದ ಪಟ್ಟಣದೋರು ಯಾರೋ ದಾರಿ ತಪ್ಪಿ ಬಂದ್ರು ಅಂದ್ಕೊಂಡೆ.”

“ಹೊಸ ಕಾರು ತಗೋತೀನಿ ಅಂತ ಹೇಳಿದ್ನಲ್ಲ, ತೂರ್ಲೈವ್?” ಯೊರುನ್ ಅವನ ಕಿವಿಗೆ ಬಾಯಿಟ್ಟು ಕೂಗಿದಳು.

“ಹೇಳಿದ್ದೆ. ಹೊಸ ಕಾರಿಗೂ ಹಿಂಭಾಗ ಇರತ್ತಲ್ಲ ಅಂತ ಅದನ್ನೇ ಕಾಯ್ತಾ ಇದ್ದೆ.”

ಆವತ್ತಿನ ಹಾಡು ಚೆನ್ನಾಗಿತ್ತೆಂದರೆ ಚೆನ್ನಾಗಿತ್ತು. ಮಾರ್ಗಿಟ್‌ಳ ದನಿ ಎರಡು ಕಡೆ ಒಡೆಯಿತು. ಅವಳಿಗೆ ಅದು ಕೇಳಿಸಿತು, ಅದಕ್ಕೇ ಅವಳಿಗೆ ಖುಷಿ. ಪ್ರಾರ್ಥನೆ ಮುಗಿದ ಮೇಲೆ ಹೆರ್ಬ್ರಾಂಡ್ ಆರ್ಗನ್ ಹತ್ತಿರ ಬಂದು ಕೆಮ್ಮಿದ.

“ಈಸ್ಟರ್‌ವರೆಗೂ ತೆಗೆದಿರ್ಲಿ. ನಾನು ಸಭೇಲಿ ಹೇಳ್ತೀನಿ,” ಎಂದ. “ಆದ್ರೆ ಇನ್ಮೇಲೆ ಮೊದಲನೇ ಸಲಾನೇ ಹಿಮ್ಮುಖವಾಗಿ ಬಾಮ್ಮ. ಕಾಯ್ತಾ ಕೂತು ನನ್ನ ಕಾಲು ಮರಗಟ್ಟೋಯ್ತು.”

ಮನೆಯಲ್ಲಿ ಆರ್ನ್‌ಫಿನ್, ಸ್ವೈನುಂಗ್ ಇಬ್ಬರೂ ಬಾಗಿಲಲ್ಲೇ ಕಾಯುತ್ತಿದ್ದರು.

“ಹೇಗಿತ್ತು ನಾಲ್ಕು ಚಕ್ರ? ಹತ್ತಿತಾ?”

“ಹತ್ತಿತು. ಎರಡು ಸಲ.”

“ಮೊಳೆ ಟೈರು? ಇಳೀತಾ ಅಕ್ಕ?”

“ಇಳೀತು. ಅದೂ ಎರಡು ಸಲ.”

“ಎರಡೆರಡು ಸಲ ಯಾಕೆ?” ಇಬ್ಬರೂ ಒಟ್ಟಿಗೆ ಕೇಳಿದರು. ಅವರಿಬ್ಬರ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು.

“ಮೊದಲನೇ ಸಲ ಬಂದೋಳು ಯಾರು ಅಂತ ಊರೋರಿಗೆ ಗೊತ್ತಾಗ್ಲಿಲ್ಲ,” ಎಂದು ಯೊರುನ್ ಬೂಟು ಬಿಚ್ಚಿ, ಕಾಫಿಗೆ ನೀರಿಟ್ಟಳು.