ಹಳೆ ಕೋಟಿನಲ್ಲಿ ಸಿಕ್ಕ ಪುಟ್ಟ ಪದಕಗಳು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸಾಗರದಲ್ಲಿ ಮೇಷ್ಟರಾಗಿದ್ದ ನಾನು ಸಂತೆಯಲ್ಲಿ ಹಳೆಯ ಕರಿ ಕೋಟೊಂದನ್ನು ಕೊಂಡೆ. ಅದರ ಒಳಜೇಬಿನಲ್ಲಿ ಒಂದೇ ಪಟ್ಟಿಗೆ ಸಿಕ್ಕಿಸಿದ ಮೂರು ಪದಕಗಳಿದ್ದವು. ಒಂದೊಂದೂ ಹೆಬ್ಬೆರಳ ಉಗುರಿನಷ್ಟು ಚಿಕ್ಕದು. ಮಕ್ಕಳ ಆಟದ ಸಾಮಾನು ಅಂದುಕೊಂಡೆ.

ನೆರೆಮನೆಯ ನಿವೃತ್ತ ಹವಾಲ್ದಾರರು ನೋಡಿ, “ಆಟದ್ದಲ್ಲ ಮೇಷ್ಟ್ರೇ, ಆಫೀಸರುಗಳು ಔತಣಕ್ಕೆ ಹಾಕ್ಕೊಳ್ಳೋ ಚಿಕ್ಕ ನಕಲು. ದೊಡ್ಡ ಪದಕದ ಮೇಲಾದ್ರೆ ಹೆಸರು ಕೆತ್ತಿರ್ತಾರೆ, ಇದ್ರಲ್ಲಿ ಇರಲ್ಲ,” ಎಂದರು. ನಡುವಿನ ಪದಕ ತೂಗುತ್ತಿದ್ದ ರಿಬ್ಬನ್ನಿನ ಬಣ್ಣವನ್ನು ಮಾತ್ರ ಅವರು ಯಾವ ಪಲ್ಟನ್ನಿನಲ್ಲೂ ಕಂಡಿರಲಿಲ್ಲವಂತೆ. ಹಿಂದಿನ ಯುದ್ಧಕ್ಕೆ ನಮ್ಮ ಕಡೆಯಿಂದ ಆಫೀಸರಾಗಿ ಹೋದವರಲ್ಲಿ ಅವರಿಗೆ ಗೊತ್ತಿದ್ದವರು ತೀರ್ಥಹಳ್ಳಿಯ ಡಾಕ್ಟರೊಬ್ಬರೇ. ಆ ಡಾಕ್ಟರು ತೀರಿಕೊಂಡಿದ್ದರು. ಕುತೂಹಲ ತಡೆಯಲಾರದೆ ಭಾನುವಾರ ಬಸ್ಸು ಹತ್ತಿ ಡಾಕ್ಟರ ಹೆಂಡತಿಯನ್ನು ಕಂಡೆ.

ಆಕೆ ನಡುವಿನ ರಿಬ್ಬನ್ನನ್ನು ಮಗುಚಿ ಹೊಲಿಗೆ ನೋಡಿದರು. “ಇದು ನನ್ನ ಧಾರೆ ಸೀರೆಯ ಅಂಚು! ಔತಣಕ್ಕೆ ಹೊರಡೋ ಹೊತ್ತಲ್ಲಿ ರಿಬ್ಬನ್ ಹರೀತು. ನಾನೇ ಕತ್ತರಿಸಿ ಹೊಲಿದುಕೊಟ್ಟೆ. ಯಾವ ದೊರೆಗೂ ಗೊತ್ತಾಗ್ಲಿಲ್ಲ ಅಂತ ಬಂದು ನಕ್ಕಿದ್ರು.” ಗಂಡನ ಕೋಟುಗಳನ್ನು ಕೊಟ್ಟುಬಿಡುವಾಗ ಜೇಬು ನೋಡಿರಲಿಲ್ಲವಂತೆ.

ಪದಕಗಳನ್ನು ತಮ್ಮ ಸೆರಗಿಗೆ ಚುಚ್ಚಿಕೊಂಡು, “ಹೇಗೆ ಕಾಣ್ತೀನಿ?” ಎಂದು ಕೇಳಿದರು.

ನಾನು ಎದ್ದು ನಿಂತು ಸೆಲ್ಯೂಟ್ ಹೊಡೆದೆ.