ಮುನಿಶಾಮಮ್ಮನ ಹೆಸರು ಹೊಡೆದರೆ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ವೆಂಕಟರಾಯಪ್ಪನ ಚಾಕಿ ಮನೆ. ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳು ಎರಡು ಸಲ ಜ್ವರಕ್ಕೆ ಕೂತು ಚರ್ಮ ಕಳಚಿ ಏಳುವವರೆಗೆ ಎಳೆಸೊಪ್ಪು ಹಾಕಿ ಸಾಕಿ, ರೈತರಿಗೆ ಕೊಡುವುದು ಅವನ ಕಸುಬು. ಮೂಗಿನ ತುದಿಯಲ್ಲಿ ಕೋಪ. ರೋಗ ಒಳಗೆ ಬರದಿರಲೆಂದು ಬಾಗಿಲಲ್ಲಿ ಹಾಕಿದ ಸುಣ್ಣ ತುಳಿಯದೆ ಹುಳುಮನೆಗೆ ಕಾಲಿಟ್ಟವನು ಹೆಂಡತಿಯ ತಮ್ಮನಾದರೂ ಬೈಸಿಕೊಂಡೇ ಹೋಗಬೇಕು.

ಅವನಿಗೆ ಒಂದೇ ಉರಿ. ಸುತ್ತಲ ರೈತರ ಬಾಯಲ್ಲಿ ಚಾಕಿ ಅಂದರೆ ಶಿಡ್ಲಘಟ್ಟದ ಮುನಿಶಾಮಮ್ಮನ ಚಾಕಿ. ಇವನ ಹುಳು ಯಾವುದರಲ್ಲೂ ಕಡಿಮೆಯಿರಲಿಲ್ಲ, ಹೆಸರಿರಲಿಲ್ಲ, ಅಷ್ಟೆ.

ಬಾಮೈದ ರಮೇಶ್‌ಬಾಬು ಚಿಂತಾಮಣಿಯಲ್ಲಿ ಮೊಬೈಲ್ ಅಂಗಡಿಯವನು. ಅವನೇ ದಾರಿ ತೋರಿಸಿದ.

"ಈಗ ಎಲ್ರೂ ಫೋನಲ್ಲಿ ಆಯಮ್ಮನ ಹೆಸರು ಹೊಡೀತಾರೆ ಭಾವ. ಹೊಡೆದ್ರೆ ಮೇಲಕ್ಕೆ ನಿಮ್ಮ ನಂಬರ್ ಬರಂಗೆ ಜಾಹೀರಾತು ಹಾಕಣ."

"ತಪ್ಪಲ್ವೇನೋ?"

"ಆಯಮ್ಮನ ಬೋರ್ಡ್ ಏನ್ ಕಿತ್ತಾಕ್ತಿದ್ದೀವಾ? ಪಕ್ಕದಾಗೆ ನಮ್ದೊಂದು ನಿಲ್ಲಿಸ್ತೀವಿ."

"ಪಕ್ಕಕ್ಕಲ್ಲ ಕಣೋ, ಮುಂದಕ್ಕೆ ನಿಲ್ಲಿಸ್ತಾ ಇದ್ದೀಯ," ಎಂದ ವೆಂಕಟರಾಯಪ್ಪ. ಎಂದನೇ ಹೊರತು ಬೇಡ ಅನ್ನಲಿಲ್ಲ.

ಫೋನು ಬಡಿದುಕೊಳ್ಳತೊಡಗಿತು. "ಮುನಿಶಾಮಮ್ಮನ ಚಾಕಿನಾ?" ಎಂದು ಕೇಳಿದರೆ, "ಹೂಂ, ಚಾಕಿನೇ, ಎಷ್ಟು ಬೇಕು?" ಅನ್ನುವನು. ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಹುಳು ವ್ಯಾನಿನಲ್ಲಿ ಹೋಗುತ್ತದೆ; ಸಾಕಿದವನ ಮುಖ ಯಾರು ನೋಡುತ್ತಾರೆ?

ಬೇಡಿಕೆ ಕೈಮೀರಿತು. ಯಾವತ್ತೂ ತರುವ ಕಡೆ ಮೊಟ್ಟೆ ಸಾಲದೆ, ಗುರುತಿಲ್ಲದವನಿಂದ ತಂದ, ರೋಗವಿದೆಯೇ ಎಂದು ಪರೀಕ್ಷೆ ಮಾಡಿಸಲಿಲ್ಲ. ಆ ಹುಳು ಜ್ವರದಿಂದ ಒಟ್ಟಿಗೆ ಏಳಲಿಲ್ಲ. ಒಂದು ದೊಡ್ಡದು, ಒಂದು ನುಸಿಯಷ್ಟು. ಅದು ರೋಗದ ಗುರುತೆಂದು ಅವನಿಗೆ ಗೊತ್ತು. ತನ್ನ ಹೆಸರಿನಲ್ಲಿ ಹೋಗುವ ಹುಳುವಾಗಿದ್ದರೆ ತಟ್ಟೆ ಸಮೇತ ಬೆಂಕಿಗೆ ಹಾಕುತ್ತಿದ್ದ. ಇವು ಹೋಗುವುದು ಬೇರೆಯವಳ ಹೆಸರಿನಲ್ಲಿ. ವ್ಯಾನಿಗೆ ಏರಿಸಿದ.

ಕೆಲವು ದಿನಕ್ಕೆ ಕೈವಾರದ ಕಡೆಯಿಂದ ಗಂಗುಲಮ್ಮ ಎಂಬವಳ ಫೋನು. ಬೈಯಲು ಹೆಸರು ಹೊಡೆದಿದ್ದಳು. ಮೇಲೆ ಸಿಕ್ಕಿದ ನಂಬರು ಇವನದೇ. "ಎಲ್ಲಿ ಆ ಮುನಿಶಾಮಮ್ಮ? ಹುಳ ಸೊಪ್ಪು ಮುಟ್ತಿಲ್ಲ, ಮೈಮೇಲೆ ಕರೀ ಚುಕ್ಕಿ! ಅವಳ ಮನೆ ದೀಪ ಆರಿಹೋಗ!" ವೆಂಕಟರಾಯಪ್ಪ ಫೋನು ಇಟ್ಟುಬಿಟ್ಟ.

ಮಾರನೇ ದಿನ ಮುನಿಶಾಮಮ್ಮನೇ ಬಂದಳು. ಗೇಟಿನಾಚೆಯೇ ನಿಂತಳು.

"ಒಳಕ್ಕೆ ಬರಲ್ಲಪ್ಪ. ಗಂಗುಲಮ್ಮನ ಹುಳುಮನೆ ನೋಡ್ಕೊಂಡು ಬಂದಿದ್ದೀನಿ. ಮೊಟ್ಟೆಯಿಂದ್ಲೇ ಬರೋ ಗಂಟುರೋಗ. ಆಯಮ್ಮ ತೋರಿಸಿದ ನಂಬರ್ ನಿಂದು. ನಂದಲ್ಲದ ಹುಳಕ್ಕೆ ನಾನು ಬೈಸ್ಕೊಂಡೆ, ಹೋಗ್ಲಿ. ಇನ್ನೂ ಎಲ್ಲೆಲ್ಲಿಗೆ ಕಳಿಸಿದ್ದೀಯ ಹೇಳು. ಸುಡಬೇಕು. ಬಿಟ್ರೆ ಊರೂರೇ ಹಿಡೀತದೆ."

ತಪ್ಪು ಸಿಕ್ಕಿಬಿದ್ದಾಗ ಇವನಿಗೆ ಬರುವುದೂ ಕೋಪವೇ. "ನನ್ನ ಹುಳ ಅಂತ ಯಾರಮ್ಮ ಅಂದಿದ್ದು? ಎಲ್ರೂ ನಿನ್ನ ಹೆಸರೇ ತಾನೆ ಹೇಳ್ತಿರೋದು?"

ಅವಳು ಅವನನ್ನೇ ನೋಡಿದಳು. "ಹೌದಪ್ಪ, ಎಲ್ರೂ ನನ್ನ ಹೆಸರೇ ಹೇಳ್ತಾರೆ," ಎಂದು ಹೊರಟುಹೋದಳು.

ಅವನು ಸುಣ್ಣ ತುಳಿದು ಒಳಗೆ ಹೋದ. ಬೆಳಿಗ್ಗೆ ಹಾಕಿದ ಸೊಪ್ಪು ತಟ್ಟೆಗಳಲ್ಲಿ ಹಾಗೇ ಬಾಡಿತ್ತು. ಇವು ಯಾವತ್ತೂ ತರುವ ಕಡೆಯ, ಒಳ್ಳೆಯ ಮೊಟ್ಟೆಯ ಹುಳು. ಒಂದರ ಬೆನ್ನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಚುಕ್ಕಿ.

ಮಂಡಿಕಲ್ಲಿನ ಕೋನಪ್ಪನಿಗೆ ಫೋನು ಮಾಡಿದ. ಅವನಿಗೂ ಅದೇ ವ್ಯಾನಿನಲ್ಲಿ ಹುಳು ಹೋಗಿತ್ತು.

"ಕೋನಪ್ಪ, ಹುಳ ಸುಟ್ಟುಬಿಡಪ್ಪ, ಈಗ್ಲೇ. ರೋಗ ಐತೆ. ನಾನು ವೆಂಕಟರಾಯಪ್ಪ."

"ಯಾವ ವೆಂಕಟರಾಯಪ್ಪ?"

"ನಿಂಗೆ ಹುಳ ಕೊಟ್ಟೋನು ನಾನೇ."

"ಲೇ, ನಮ್ಮ ಹುಳ ಮುನಿಶಾಮಮ್ಮನ್ದು. ಆಯಮ್ಮನ ಹೆಸರು ಕೆಡಿಸಕ್ಕೆ ಇಂಥ ಆಟನೂ ಆಡ್ತೀರಾ? ಇಡೋ ಫೋನು!"

ಮತ್ತೆ ಮಾಡಿದ. ಎತ್ತಲಿಲ್ಲ. ಕೋನಪ್ಪನ ಹುಳುಮನೆಯ ಗೋಡೆಗೆ ಅಂಟಿಕೊಂಡೇ ಅವನ ಅಣ್ಣತಮ್ಮಂದಿರ ಹುಳುಮನೆಗಳು.