ಮುಂಬಯಿ ನೋಡಲು ಅತ್ತಿಗೆಗೆ ಹೇಳಿದ ಒಳ್ಳೆಯ ಕಾಲ

ಜುಲೈ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ ಮಲಾಡಿನ ನಮ್ಮ ಮನೆ. ಇದ್ದವರು ನಾನು, ನನ್ನ ತಂಗಿ, ಉಡುಪಿಯಿಂದ ಬಂದ ಅತ್ತಿಗೆ. ಅತ್ತಿಗೆಯೆಂದರೆ ನನ್ನ ಗಂಡನ ಅಕ್ಕ. ಗಂಡ ಮಂಡಿನೋವೆಂದು ಹಾಸಿಗೆ ಬಿಟ್ಟೇಳಲಿಲ್ಲ. ಅವರಿಗೆ ತಮ್ಮ ಅಕ್ಕನೂ ಗೊತ್ತು, ನಾನೂ ಗೊತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು ನಾನು. ಮೊದಲು ವೇಳೆ, ಆಮೇಲೆ ಇದ್ದವರು, ಆಮೇಲೆ ನಡೆದದ್ದು. ಈ ಕ್ರಮ ಬಿಟ್ಟು ಬರೆಯಲು ನನಗೆ ಬರುವುದಿಲ್ಲ.

ಅತ್ತಿಗೆ ಬಂದದ್ದು ತಮ್ಮ ಮೊಮ್ಮಗಳಿಗೆ ನೋಡಿದ ಹುಡುಗನ ಮನೆ ನೋಡಲು. ಸಂಬಂಧ ತಂದವಳು ನಾನೇ. ಹುಡುಗ ಒಳ್ಳೆಯವನು, ಹುಡುಗಿಗೂ ಒಪ್ಪಿಗೆ, ಇಬ್ಬರೂ ದಿನವೂ ಫೋನಿನಲ್ಲಿ ಮಾತಾಡುತ್ತಿದ್ದರು. ಅತ್ತಿಗೆಯ ಹೂಂ ಒಂದು ಬಾಕಿ. "ಹಾಗೇ ಊರೂ ನೋಡಿದ ಹಾಗಾಯಿತು, ಯಾವಾಗ ಬರಲಿ?" ಎಂದು ಕೇಳಿದ್ದರು. ಮುಂಬಯಿ ನೋಡುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲವೆಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು, "ಜುಲೈಯಲ್ಲಿ ಬನ್ನಿ, ಮಳೆಯಲ್ಲಿ ಈ ಊರು ನೋಡಲೇಬೇಕು" ಎಂದೆ.

ಅವರು ಹಿಂದೊಮ್ಮೆ ಒಳ್ಳೆಯ ಕಾಲದಲ್ಲೇ ಬಂದಿದ್ದರು. ಆಗ ನಾವು ಗ್ರಾಂಟ್ ರೋಡಿನ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿದ್ದೆವು. ಒಂದೇ ಕೋಣೆ, ಮುಂದೆ ಉದ್ದನೆಯ ಗ್ಯಾಲರಿ, ಗ್ಯಾಲರಿಯ ಕೊನೆಗೆ ಎಲ್ಲರಿಗೂ ಸೇರಿದ ಕಕ್ಕಸು. ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆಗೆಟ್ಟ ಕಣ್ಣಲ್ಲೇ ಅವರಿಗೆ ಗೇಟ್‌ವೇ ತೋರಿಸಿದೆ, ಚೌಪಾಟಿ ತೋರಿಸಿದೆ. ಅವರು ಊರಿಗೆ ಹೋಗಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಕೂತು ಹೇಳಿದ್ದು ಗೇಟ್‌ವೇಯ ಸುದ್ದಿಯಲ್ಲ. "ಇವಳ ತಂಗಿ ಉಂಟಲ್ಲ, ಗಂಡಸರ ಕಣ್ಣೆದುರು ಬಾಲ್ದಿ ಹಿಡಿದು ಕಕ್ಕಸಿಗೆ ಲೈನು ನಿಲ್ಲುತ್ತಾಳೆ" ಎಂದರು. ನನ್ನ ಜೊತೆಗಿದ್ದ ತಂಗಿಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ಆ ಹುಡುಗನ ತಾಯಿ ಅದೇ ಪಂಕ್ತಿಯಲ್ಲಿದ್ದರು. ಸಂಬಂಧ ಮುರಿಯಿತು. ಆಮೇಲೆ ತಂಗಿ ಯಾವ ಹುಡುಗನ ಎದುರೂ ಕೂರಲಿಲ್ಲ. ದಾದರಿನ ಒಂದು ಆಫೀಸಿನಲ್ಲಿ ದುಡಿದು ನಿವೃತ್ತಳಾಗಿ ಈಗಲೂ ನಮ್ಮ ಜೊತೆಗಿದ್ದಾಳೆ. ಅತ್ತಿಗೆ ಆ ಮಾತನ್ನು ಮರೆತರು. ನಾನು ಮರೆಯಲಿಲ್ಲ.

ಹುಡುಗನ ಮನೆ ಎಲ್ಲೆಂದು ಕೇಳಿದಾಗ "ಗ್ರಾಂಟ್ ರೋಡ್, ಸ್ಟೇಷನ್ನಿನ ಹತ್ತಿರವೇ" ಎಂದಿದ್ದೆ. ಅದು ಸುಳ್ಳಲ್ಲ. ಅದೇ ಚಾಳ್, ಅದೇ ಮಾಳಿಗೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಹೊರಡುವ ಮೊದಲು ಅತ್ತಿಗೆಗೆ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟೆ. ಮುಗಿಸಿದ ಮೇಲೆ ಇನ್ನೊಂದು ಲೋಟ. ಮಳೆಗಾಲದ ತಂಪು, ಎಪ್ಪತ್ತು ದಾಟಿದ ದೇಹ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲು. ನರ್ಸಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಲೇಡೀಸ್ ಡಬ್ಬಿಯಲ್ಲಿ ನಿಂತೇ ಹೋದೆವು. ಕಡಲ ನೀರು ಒಳನುಗ್ಗುವ ಮಾಹಿಮ್ ಖಾಡಿಯ ಸೇತುವೆಯ ಮೇಲೆ ರೈಲು ನಿಧಾನವಾಯಿತು. ಕೆಳಗೆ ಕಪ್ಪು ನೀರು ಹಳಿಯ ಹತ್ತಿರಕ್ಕೆ ಏರಿತ್ತು. ಊರು ತೋರಿಸುವುದಾಗಿ ಮಾತು ಕೊಟ್ಟಿದ್ದೆನಲ್ಲ, ಅದನ್ನೂ ಮಾಡಿದೆ.

"ಇದು ಮೊದಲು ಏಳು ದ್ವೀಪಗಳಾಗಿತ್ತು ಅತ್ತಿಗೆ. ನಡುವಿನ ಕಡಲಿಗೆ ಕಲ್ಲು ಮಣ್ಣು ಸುರಿದು ಒಂದು ಊರು ಮಾಡಿದರು. ಮಿಲ್ಲು ಬಂತು, ಮಿಲ್ಲಿನವರಿಗೆ ಚಾಳ್ ಬಂತು, ಹೊಟ್ಟೆಗೆ ನಮ್ಮವರ ಹೋಟೆಲು ಬಂತು. ಕಡಲು ಮಾತ್ರ ತನ್ನ ಜಾಗ ಮರೆತಿಲ್ಲ. ಪ್ರತಿ ಜುಲೈಯಲ್ಲೂ ಕೇಳಲು ಬರುತ್ತದೆ."

"ನನಗೆ ಚರಿತ್ರೆ ಬೇಡ ಮಾರಾಯ್ತಿ, ಕೂರಲಿಕ್ಕೆ ಜಾಗ ಬೇಕು" ಎಂದರು ಅತ್ತಿಗೆ.

ತಂಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಎಲ್ಲಿಗೆ ಹೋಗುತ್ತಿದ್ದೇವೆಂದು ಅವಳಿಗೆ ಗೊತ್ತಿತ್ತು. ಬೇಡವೆಂದು ಅವಳು ಹೇಳಿರಲಿಲ್ಲ.

ಚಾಳಿನ ಮರದ ಮೆಟ್ಟಿಲು ಕಂಡಾಗ ಅತ್ತಿಗೆಯ ಕಾಲು ನಿಂತಿತು. "ಇದು ನಿಮ್ಮ ಹಳೇ..." ಎಂದರು. "ಹೌದು, ಕೈ ಹಿಡಿದು ಹತ್ತಿ, ಜಾರುತ್ತದೆ" ಎಂದೆ. ಹುಡುಗನ ತಾಯಿ ಬಾಗಿಲಲ್ಲೇ ಕಾದಿದ್ದಳು. ಕೋಣೆ ಕನ್ನಡಿಯ ಹಾಗೆ ಒರೆಸಿತ್ತು. ಮಗನನ್ನು ಹೂವು ತರಲು ಕಳಿಸಿದ್ದಳು. ಶೀರಾ ಕೊಟ್ಟಳು, ಚಹಾ ಕೊಟ್ಟಳು. ಅತ್ತಿಗೆಯ ಬಟ್ಟಲಿಗೆ ನಾನೇ ಇನ್ನಷ್ಟು ಚಹಾ ಬಗ್ಗಿಸಿದೆ.

ಸ್ವಲ್ಪ ಹೊತ್ತಿಗೆ ಅತ್ತಿಗೆ ನನ್ನ ಕಿವಿಯಲ್ಲಿ, "ಒಂದು ಸಲ ಹೋಗಿ ಬರಬೇಕಿತ್ತು" ಎಂದರು. ನಾನು ಬಾಗಿಲ ಹಿಂದಿನ ನೀಲಿ ಬಾಲ್ದಿ ತೆಗೆದು ಅವರ ಕೈಗೆ ಕೊಟ್ಟೆ. "ಗ್ಯಾಲರಿಯ ಕೊನೆ. ನಿಮಗೆ ದಾರಿ ಗೊತ್ತುಂಟಲ್ಲ."

ಭಾನುವಾರ, ಮೇಲಾಗಿ ಮಳೆ. ಎರಡರಲ್ಲಿ ಒಂದು ಕಕ್ಕಸು ಕಟ್ಟಿಕೊಂಡಿತ್ತು. ಲೈನು ಉದ್ದವಿತ್ತು. ಅತ್ತಿಗೆ ಬಾಲ್ದಿಯನ್ನು ಲೈನಿನಲ್ಲಿಟ್ಟು ತಿರುಗಿ ಬಂದು ಒಳಗೆ ಕೂತರು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಎಂದುಕೊಂಡಿರಬೇಕು. ಇಲ್ಲಿ ಹಾಗಲ್ಲ. ಒಡತಿ ಜೊತೆಗಿಲ್ಲದ ಬಾಲ್ದಿಯನ್ನು ಹಿಂದಿನವರು ಕಾಲಿನಿಂದ ಕೊನೆಗೆ ತಳ್ಳುತ್ತಾರೆ. ನನಗೆ ಗೊತ್ತಿತ್ತು. ತಂಗಿಗೂ ಗೊತ್ತಿತ್ತು. ಇಬ್ಬರೂ ಶೀರಾ ತಿಂದೆವು.

ಅತ್ತಿಗೆ ಮತ್ತೆ ಹೋಗಿ ನೋಡಿದಾಗ ಬಾಲ್ದಿ ಕಟ್ಟಕಡೆಯಲ್ಲಿತ್ತು. ಜಗಳ ತೆಗೆದರು. ಪಕ್ಕದ ಕೋಣೆಯಲ್ಲಿರುವ ಕಲಬುರಗಿ ಕಡೆಯ ಹೆಂಗಸು ನಕ್ಕುಬಿಟ್ಟಳು. "ಆಯೀ, ಬಾಲ್ದಿಗೇನ್ ಅವಸರ ಐತ್ರೀ? ಅವಸರ ಇದ್ದಾಕಿ ನೀವು. ನೀವ ನಿಂದ್ರಬೇಕ್ರಿ."

ಅತ್ತಿಗೆ ನಿಂತರು. ಗ್ಯಾಲರಿಯ ಅಂಚಿನಿಂದ ಮಳೆಯ ಎರಚಲು ಪಟ್ಟೆಸೀರೆಯ ನೆರಿಗೆಗೆ ಬಡಿಯುತ್ತಿತ್ತು. ಹಲ್ಲುಜ್ಜುತ್ತ ನಿಂತ ಗಂಡಸರು ದಾರಿ ಬಿಟ್ಟು ಮುಖ ಆಚೆ ತಿರುಗಿಸಿದರು. ಈ ಚಾಳಿನ ಗಂಡಸರು ಆ ಕಾಲದಲ್ಲೂ ಹಾಗೆಯೇ ಮಾಡುತ್ತಿದ್ದರು. ಅದನ್ನು ಅತ್ತಿಗೆ ಊರಿನಲ್ಲಿ ಹೇಳಿರಲಿಲ್ಲ.

ನಾನೂ ಎದ್ದು ಲೈನಿನ ಹತ್ತಿರ ಹೋದೆ. ಹುಡುಗನ ತಾಯಿ ನನ್ನ ಹಿಂದೆಯೇ ಬಂದು ಸಂಕೋಚದಿಂದ ಕೈ ಹೊಸೆದಳು. "ಅಕ್ಕ, ಬಿಲ್ಡಿಂಗ್ ಕೆಡವಿ ಹೊಸತು ಕಟ್ಟುತ್ತಾರಂತೆ, ಆದರೆ ಯಾವಾಗ ಅಂತ ಇಲ್ಲ. ಅವರಿಗೆ ಈ ಮನೆ ಆಗ್ತದಾ?"

ಅತ್ತಿಗೆ ಆವತ್ತು ಪಂಕ್ತಿಯಲ್ಲಿ ಆಡಿದ ಮಾತನ್ನು ನಾನೀಗ ಹೇಳಿದ್ದರೆ ಅವರ ಮೊಮ್ಮಗಳ ಸಂಬಂಧ ಅಲ್ಲೇ ಮುರಿಯುತ್ತಿತ್ತು. ಅತ್ತಿಗೆಗೂ ಅದು ಹೊಳೆಯಿತು. ಬಾಲ್ದಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ಆತುರಪಡಲಿಲ್ಲ. ತಂಗಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ.

"ನೀವೇ ಹೇಳಿ ಅತ್ತಿಗೆ. ಇಲ್ಲಿ ಲೈನು ನಿಲ್ಲುವ ಹುಡುಗಿ ಮರ್ಯಾದಸ್ಥೆಯಾ, ಅಲ್ಲವಾ?"

"ಎಂತ ಕೇಳ್ತಿ ನೀನು, ಈ ಹೊತ್ತಿನಲ್ಲಿ!"

"ಈ ಹೊತ್ತಿನಲ್ಲೇ ಹೇಳಿ."

ಅವರು ತಂಗಿಯ ಕಡೆ ನೋಡಿದರು. ಮರೆತಿದ್ದಾರೆಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಮರೆತಿರಲಿಲ್ಲ. "ಮರ್ಯಾದಸ್ಥೆಯೇ" ಎಂದರು. "ನಾನು ಆವತ್ತು ಹಾಗೆ ಹೇಳಬಾರದಿತ್ತು."

ತಂಗಿ, "ಈಗ ಹೇಳಿ ಯಾರಿಗೆ ಉಪಯೋಗ?" ಎಂದಳು. ಆಮೇಲೆ, "ಸಾಕು ಅಕ್ಕ, ಅವರು ಹೋಗಿ ಬರಲಿ" ಎಂದು ಕಲಬುರಗಿಯವಳನ್ನು ಕೇಳಿ ಅತ್ತಿಗೆಯನ್ನು ಮುಂದೆ ಬಿಡಿಸಿದಳು. ನಾನಾಗಿದ್ದರೆ ಬಿಡಿಸುತ್ತಿರಲಿಲ್ಲ.

ಸಂಜೆ ಮಲಾಡಿಗೆ ಬಂದ ಮೇಲೆ ಉಡುಪಿಗೆ ನಾನೇ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಅತ್ತಿಗೆಯ ಮುಂದಿಟ್ಟೆ. ಅವರ ಸೊಸೆ, ಹುಡುಗಿಯ ತಾಯಿ, ಹುಡುಗನ ಮನೆಯ ವಿಚಾರ ಒಂದೊಂದೇ ಕೇಳಿದಳು.

"ಕಕ್ಕಸು?"

ಅತ್ತಿಗೆ ನನ್ನನ್ನು ನೋಡಿದರು. "ಹೊರಗೆ. ಲೈನು ನಿಲ್ಲಬೇಕು. ಅದಕ್ಕೆಂತ ಈಗ? ನಾನೂ ನಿಂತೆ. ಒಳ್ಳೆಯ ಮನೆ, ಮದುವೆ ಡಿಸೆಂಬರಿನಲ್ಲಿ ಆಗಲಿ."

ಅಡುಗೆಮನೆಯಲ್ಲಿ ಅಲಸಂಡೆ ಕತ್ತರಿಸುತ್ತಿದ್ದ ತಂಗಿಯ ಕೈ ಒಂದು ಕ್ಷಣ ನಿಂತು, ಮತ್ತೆ ಓಡತೊಡಗಿತು. ಅವಳಿಗೆ ಇದರಿಂದ ಏನೂ ಮರಳಿ ಬರುವುದಿಲ್ಲ. ನನಗದು ಗೊತ್ತು. ಆದರೂ ನನಗೆ ಖುಷಿಯಾಯಿತು, ಈಗಲೂ ಆಗುತ್ತದೆ.

ಮೂರು ಒದ್ದೆ ಕೊಡೆಗಳನ್ನು ಬಾಲ್ಕನಿಯಲ್ಲಿ ಬಿಡಿಸಿಟ್ಟೆ. ಅತ್ತಿಗೆಯ ಪಟ್ಟೆಸೀರೆಯ ಅಂಚು ತೊಳೆದು, ಹಿಂಡಿ, ಫ್ಯಾನಿನ ಕೆಳಗೆ ಹರವಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.